ಆಚೆ ದೇಶದ ಬಾಕಿ

ನಮ್ಮ ಭಾವ ಫಾರಿನ್ನಿನವರು. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಅವರ ಪಕ್ಕದಲ್ಲಿ ಕೂತವರಿಗೆಲ್ಲ ಅದು ಗೊತ್ತು.

ಬೀದಿಯ ಮೂಲೆಯಲ್ಲಿ ಅವರದು ಫ್ಯಾನು, ಮೋಟಾರು, ಮಿಕ್ಸಿ ರಿಪೇರಿ ಅಂಗಡಿ. ಮೊಣಕೈವರೆಗೆ ಗ್ರೀಸು ಬಳಿದುಕೊಂಡು ತಾಮ್ರದ ತಂತಿ ಸುತ್ತುತ್ತಾ ಕೂತಿರುವ ಅವರನ್ನು ಯಾವ ಕಡೆಯಿಂದ ನೋಡಿದರೂ ಫಾರಿನ್ನು ಅನ್ನಿಸುವುದಿಲ್ಲ. ಆದರೂ ಅವರು ಹುಟ್ಟಿದ್ದು ಆಚೆ ದೇಶದಲ್ಲಿ. ಅಲ್ಲಿ ಹುಟ್ಟಿದ ತಪ್ಪಿಗೆ ಕಾನೂನಿನ ಪ್ರಕಾರ ಅಲ್ಲಿನ ಪ್ರಜೆ. ಇಲ್ಲಿಗೆ ಬಂದಾಗ ಅವರಿಗೆ ನೆಟ್ಟಗೆ ನಡೆಯಲೂ ಬರುತ್ತಿರಲಿಲ್ಲವಂತೆ, ಅಮ್ಮನ ಸೊಂಟದ ಮೇಲೆ ಕೂತು ಬಂದರಂತೆ. ಆಮೇಲೆ ಒಂದು ಸಲವೂ ಆ ಕಡೆ ತಲೆ ಹಾಕಿಲ್ಲ. ಆ ದೇಶದ ಮಣ್ಣು ಹೇಗಿದೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ, ನಾನು ಅದರ ಬಗ್ಗೆ ಮಾತಾಡುವುದಿಲ್ಲ.

ಭಾವ ಮಾತಾಡುತ್ತಿದ್ದರು. ನಲ್ಲಿಯಲ್ಲಿ ನೀರು ಬರದಿದ್ದರೆ, "ನಮ್ಮಲ್ಲಿ ಹೀಗಿಲ್ಲಪ್ಪ." ಬಸ್ಸು ತಡವಾದರೆ, "ನಮ್ಮಲ್ಲಿ ಬಸ್ಸು ನೋಡಿ ಗಡಿಯಾರ ಸರಿ ಮಾಡ್ಕೋತಾರೆ." ಕರೆಂಟು ಹೋದರಂತೂ ಮುಗಿಯಿತು. ಕತ್ತಲಾದ ತಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆವು, ಭಾವ ಗಂಟಲು ಸರಿಮಾಡಿಕೊಂಡು, "ನಮ್ಮಲ್ಲಿ ಕರೆಂಟು ಹೋಗೋದೇ ಇಲ್ಲ," ಅನ್ನುತ್ತಿದ್ದರು. ಕರೆಂಟು ಹೀಗೆ ಹೋಗಿ ಬಂದು ಮಾಡುವುದರಿಂದಲೇ ಬೀದಿಯ ಮೋಟಾರುಗಳು ಸುಡುತ್ತವೆ, ಅವು ಸುಡುವುದರಿಂದಲೇ ಭಾವನ ಮನೆಯ ಒಲೆ ಉರಿಯುತ್ತದೆ ಅನ್ನುವುದು ಅವರ ತಲೆಗೆ ಹೊಳೆದದ್ದೇ ಇಲ್ಲ. ಆ ಕತ್ತಲಲ್ಲಿ ಅವರ ಅಮ್ಮ, ಬೀದಿಗೆಲ್ಲ ಅವರು ಅಜ್ಜಿ, ಪ್ರತಿಸಲವೂ ಗದರುತ್ತಿದ್ದರು: "ಎಲ್ಲಿಯ ನಮ್ಮಲ್ಲೋ? ಸುಮ್ಮನೆ ಮೇಣದಬತ್ತಿ ಹುಡುಕು."

ಭಾವನ ಹತ್ತಿರ ಆ ದೇಶದ ಪಾಸ್‌ಪೋರ್ಟ್ ಇತ್ತು. ಅವಧಿ ಮುಗಿದಾಗಲೆಲ್ಲ ಹೊಸದು ಮಾಡಿಸುತ್ತಿದ್ದರು. ಪಕ್ಕದ ಝೆರಾಕ್ಸ್ ಅಂಗಡಿ ನನ್ನದೇ ಆದ್ದರಿಂದ ಪ್ರತಿಯೊಂದರ ನಕಲನ್ನೂ ನಾನೇ ತೆಗೆದಿದ್ದೇನೆ. ಒಂದೇ ಒಂದು ಮುದ್ರೆ ಬೀಳದೆ ಮುದಿಯಾಗುವ ಪಾಸ್‌ಪೋರ್ಟ್‌ಗಳು. "ಯಾಕೆ ಭಾವ ಈ ದಂಡದ ಖರ್ಚು?" ಅಂದರೆ, "ಒಂದು ದಿನ ಹೋಗಬೇಕಲ್ಲೋ," ಅನ್ನುತ್ತಿದ್ದರು. ಆ ಮಾತಿನಲ್ಲಿ ಮಾತ್ರ ಜಂಬ ಇರುತ್ತಿರಲಿಲ್ಲ.

ಯಾಕೆಂದರೆ ಅಲ್ಲಿ ಅವರ ಅಪ್ಪ ಇದ್ದಾರೆ. ಆಚೆ ದೇಶದ ಬಂದರಿನಲ್ಲಿ ಹಡಗಿಗೆ ಬಣ್ಣ ಹೊಡೆಯಲು ಹೋದವರು, ಒಂದು ಬೆಳಿಗ್ಗೆ ಹಗ್ಗ ಕಿತ್ತು ಮೇಲಿಂದ ಬಿದ್ದರು. ಅಲ್ಲೇ ಮಣ್ಣು ಮಾಡಿದರು. ಮಗುವನ್ನು ಕಟ್ಟಿಕೊಂಡು ಅಜ್ಜಿ ವಾಪಸು ಬಂದರು. ಅಮ್ಮನನ್ನು ಒಂದು ಸಲ ಆ ಸಮಾಧಿಯ ಹತ್ತಿರ ಕರೆದುಕೊಂಡು ಹೋಗಬೇಕು, ಇದು ಭಾವನ ಜೀವಮಾನದ ಆಸೆ. ಅದಕ್ಕಾಗಿ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದರು. ಡಬ್ಬಿ ತುಂಬುವ ಹೊತ್ತಿಗೆ ಸರಿಯಾಗಿ ಮನೆಯ ಚಾವಣಿ ಸೋರುತ್ತಿತ್ತು, ಇಲ್ಲವೇ ಮಗಳ ಕಾಲೇಜಿನವರು ಫೀಸು ಏರಿಸುತ್ತಿದ್ದರು. ಈ ಸಲ ಮಾತ್ರ ಯಾವ ವಿಘ್ನವೂ ಇಲ್ಲದೆ ಡಬ್ಬಿಯ ಮುಚ್ಚಳ ಮೇಲೆದ್ದಿತ್ತು. ಬರುವ ಬೇಸಿಗೆಗೆ ಹೊರಡುವುದು ಅಂತ ಭಾವ ಅಜ್ಜಿಗೆ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಗುಂಡಿ ಬಿತ್ತು.

ಗುಂಡಿಯ ವಿಚಾರ ಮಾತಾಡಲು ಔಷಧಿ ಅಂಗಡಿಯ ಮುಂದೆ ಸಭೆ ಸೇರಿತು. ನಗರಸಭೆಯ ಎಂಜಿನಿಯರೂ ಬಂದಿದ್ದರು. ಎಲ್ಲರೂ ಗುಂಡಿಯ ಆಳ ಅಗಲ ಹೇಳಿಕೊಳ್ಳುತ್ತಿರುವಾಗ ಭಾವ ಎದ್ದು ನಿಂತರು. ನಾನು ಅಂಗಿ ಹಿಡಿದು ಎಳೆದೆ. ಕೂರಲಿಲ್ಲ.

"ನಮ್ಮಲ್ಲಿ ರಸ್ತೆ ಮೇಲೆ ಊಟ ಬಡಿಸ್ಕೊಂಡು ತಿನ್ನಬಹುದು! ಯಾಕೆ ಗೊತ್ತಾ? ಪ್ರತಿಯೊಬ್ಬ ಪ್ರಜೆನೂ ತೆರಿಗೆ ಕಟ್ತಾನೆ. ಒಂದು ಕಾಸೂ ಮುಚ್ಚಿಡಲ್ಲ!"

ಎಂಜಿನಿಯರು ಆಕಳಿಸಿದರು. ಆಗ ಹಿಂದಿನ ಕುರ್ಚಿಯಿಂದ ಸುತ್ತೋಲೆ ಎದ್ದರು. ಬೀದಿಯವರು ಸುತ್ತೋಲೆ ಅಂತ ಅಡ್ಡಹೆಸರಿಟ್ಟಿರುವ ಎದುರು ಮನೆಯ ಈ ಮಹಾನುಭಾವರು ತೆರಿಗೆ ಇಲಾಖೆಯಿಂದ ನಿವೃತ್ತರಾದವರು. ಅಲ್ಲಿ ಅವರು ಮಾಡುತ್ತಿದ್ದದ್ದು ಲಕೋಟೆಗೆ ಅಂಟು ಹಚ್ಚಿ ಟಪಾಲಿಗೆ ಹಾಕುವ ಕೆಲಸ. ಆದರೆ ಅಂಟು ಹಚ್ಚುವ ಮೊದಲು ಒಳಗಿನದನ್ನು ಓದುವ ಅಭ್ಯಾಸವಿದ್ದುದರಿಂದ, ಅರ್ಧ ಕಾನೂನು ಬಾಯಿಗೆ ಬರುತ್ತಿತ್ತು. ಯಾವ ಅರ್ಧ ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

"ನೀವೂ ಅಲ್ಲಿನ ಪ್ರಜೆ ಅಲ್ವೇನ್ರೀ?" ಅಂದರು ಸುತ್ತೋಲೆ.

"ಹುಟ್ಟಿದಾಗಿಂದ!"

"ಹಾಗಾದ್ರೆ ನೀವು ಎಷ್ಟು ಕಟ್ಟಿದ್ದೀರಿ?"

"ನಾನು ಇಲ್ಲಿದ್ದೀನಲ್ಲ ಸಾರ್."

"ಅಲ್ಲೇ ಇರೋದು ನೋಡಿ ಗ್ರಹಚಾರ! ಆ ದೇಶದ ಕಾನೂನು ಗೊತ್ತೇನ್ರೀ ನಿಮಗೆ? ಅಲ್ಲಿನ ಪ್ರಜೆ ಭೂಮಿ ಮೇಲೆ ಎಲ್ಲೇ ಇರಲಿ, ಸಮುದ್ರದ ತಳದಲ್ಲೇ ಕೂತಿರಲಿ, ದುಡಿದದ್ದರ ಲೆಕ್ಕ ಅವರಿಗೆ ಕೊಡ್ಬೇಕು. ತೆರಿಗೆ ಕಟ್ಬೇಕು. ಇಲ್ದಿದ್ರೆ ದಂಡ. ದಂಡಕ್ಕೆ ಬಡ್ಡಿ. ಬಡ್ಡಿ ಕಟ್ಲಿಲ್ಲ ಅಂತ ಮತ್ತೆ ದಂಡ. ನೀವು ಫ್ಯಾನ್ ರಿಪೇರಿಗೆ ಕೂತಾಗಿಂದ ಲೆಕ್ಕ ಹಾಕಿ!"

ಸಭೆಯೆಲ್ಲ ಗುಂಡಿ ಮರೆತು ಭಾವನ ಕಡೆ ತಿರುಗಿತು. ಎಂಜಿನಿಯರು ಇದೇ ಸಮಯ ಅಂತ ಜಾಗ ಖಾಲಿ ಮಾಡಿದರು. ಆ ಗುಂಡಿ ಇವತ್ತಿಗೂ ಹಾಗೇ ಇದೆ. ಭಾವ ಮಾತ್ರ ಕೂತು, ಬೆರಳು ಮಡಚಿ ವರ್ಷ ಎಣಿಸತೊಡಗಿದರು.

ಮರುದಿನದಿಂದ ಬೀದಿಗೆ ಬೇರೆ ಕೆಲಸವೇ ಇಲ್ಲ. ಕಟಿಂಗ್ ಶಾಪಿನಲ್ಲಿ ಎರಡು ಪಕ್ಷವಾಯಿತು.

"ಆ ರಸ್ತೆ ತುಳಿದೇ ಇಲ್ಲ, ಆ ನೀರು ಕುಡಿದೇ ಇಲ್ಲ. ಇವರ್ಯಾಕೆ ಕಟ್ಟಬೇಕು?" ಅಂತ ಕಟಿಂಗ್ ಶಾಪಿನವನು ಯಾರದೋ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡೇ ಗುಡುಗಿದ. "ಬೇಕಾದ್ರೆ ಆ ಸರ್ಕಾರ ನನ್ನ ಹತ್ರ ಬರಲಿ, ನಾನು ಮಾತಾಡ್ತೀನಿ!"

"ಪಾಸ್‌ಪೋರ್ಟ್ ಬೇಕು ಅನ್ನೋರಿಗೆ ತೆರಿಗೆ ಬೇಡ ಅಂದ್ರೆ ಹೇಗೆ?" ಅಂದಳು ಬಾಗಿಲಲ್ಲಿ ನಿಂತಿದ್ದ ಔಷಧಿ ಅಂಗಡಿಯವಳು. "ದಿನಾ ನಮ್ಮಲ್ಲಿ ನಮ್ಮಲ್ಲಿ ಅಂತ ಕೊಚ್ಕೋತಾ ಇದ್ರಲ್ಲ, ಈಗ ಅವರಲ್ಲಿ ಆಗ್ಬಿಡ್ತಾ?"

ಸಾಬೂನಿನ ನೊರೆ ಮೆತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದವರು ಭಾವನೇ. ಕತ್ತಿ ಇದ್ದದ್ದೂ ಅವರ ಕುತ್ತಿಗೆಯ ಮೇಲೇ. ಕನ್ನಡಿಯೊಳಗಿಂದಲೇ ಮೆಲ್ಲಗೆ ಹೇಳಿದರು: "ಕಟ್ಟೋದು ನ್ಯಾಯಾನೇ ಕಣ್ರೀ. ಇಷ್ಟು ವರ್ಷ ನಮ್ಮಪ್ಪನ್ನ ಇಟ್ಕೊಂಡಿದ್ದಾರಲ್ಲ. ಜಾಗದ ಬಾಡಿಗೆ ಅಂದ್ಕೊಂಡು ಕಟ್ಬಿಡೋಣ. ಆದ್ರೆ ಅಷ್ಟು ಎಲ್ಲಿಂದ ತರ್ಲಿ?"

ಎರಡೂ ಪಕ್ಷದ ಜಗಳ ಬಾಡಿಗೆಗೂ ತೆರಿಗೆಗೂ ಇರುವ ವ್ಯತ್ಯಾಸದ ಮೇಲೆ ಇನ್ನೂ ಜೋರಾಗಿ ಶುರುವಾಯಿತು.

ಸುದ್ದಿ ಹರಡಿದ ಹಾಗೆ ಅದರ ಮೈಯೂ ಬೆಳೆಯಿತು. ಆಚೆ ದೇಶದವರು ಭಾವನ ಅಂಗಡಿ ಜಪ್ತಿ ಮಾಡಲು ಹಡಗು ಹತ್ತಿದ್ದಾರೆ ಅನ್ನುವವರೆಗೆ ಬಂತು. ರಿಪೇರಿಗೆ ಕೊಟ್ಟವರೆಲ್ಲ ಎದ್ದುಬಿದ್ದು ಓಡಿಬಂದರು. "ನನ್ನ ಫ್ಯಾನ್ ಕೊಟ್ಬಿಡಿ. ತಿರುಗದಿದ್ರೂ ಪರವಾಗಿಲ್ಲ, ನಮ್ಮ ಮನೇಲೇ ತಿರುಗದೆ ಇರಲಿ." ಒಬ್ಬರು ಬಿಚ್ಚಿಟ್ಟ ಮೋಟಾರಿನ ಬೇರಿಂಗು, ಕಾಯಿಲು, ಕೆಪಾಸಿಟರು ಎಲ್ಲವನ್ನೂ ಸೆರಗಿಗೆ ಸುರಿದುಕೊಂಡು ಹೋದರು. ಇನ್ನೊಬ್ಬರು ಅವಸರದಲ್ಲಿ ಬೇರೆಯವರ ಮಿಕ್ಸಿ ಎತ್ತಿಕೊಂಡು ಹೋದರು. ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಉಳಿದದ್ದು ಭಾವ ಮತ್ತು ಅವರು ಕೂರುವ ಮಣೆ.

ಸಂಬಂಧಿಕರ ಕಥೆ ಕೇಳಬೇಡಿ. ಭಾವನ ಚಿಕ್ಕಪ್ಪನ ಮಗನೊಬ್ಬ ಹೋದಲ್ಲೆಲ್ಲ "ನಮ್ಮಣ್ಣ ಫಾರಿನ್ ಸಿಟಿಜನ್ನು" ಅಂತ ಹೇಳಿಕೊಂಡು ಮೆರೆಯುತ್ತಿದ್ದವನು. ಈಗ ದಾರಿಯಲ್ಲಿ ಸಿಕ್ಕಿದರೆ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿಬಿಡುತ್ತಿದ್ದ. ಅವನು ಹಾಕಿಕೊಳ್ಳುವುದು ಬೂಟು.

ಒಂದು ದಿನ ಟೈ ಕಟ್ಟಿಕೊಂಡು, ಕೈಯಲ್ಲಿ ಬ್ಯಾಗು ಹಿಡಿದುಕೊಂಡು ಒಬ್ಬ ಮನುಷ್ಯ ಭಾವನ ಮನೆಯ ಬಾಗಿಲು ತಟ್ಟಿದ.

"ಈ ಮನೆ ಯಜಮಾನರು ಯಾರು?"

ಬಾಗಿಲು ತೆರೆದ ನನ್ನ ಅಕ್ಕ ಅವನ ಟೈ ನೋಡಿದಳು, ಬ್ಯಾಗು ನೋಡಿದಳು. "ಈ ಮನೇಲಿ ಯಜಮಾನರೇ ಇಲ್ಲ," ಅಂದಳು. ಬಚ್ಚಲಿನಿಂದ ಭಾವ ಕೆಮ್ಮಿದರು. "ಅದು ನಲ್ಲಿ," ಅಂದಳು.

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ನೋಡಪ್ಪಾ, ನನ್ನ ಮಗ ಅಲ್ಲಿ ಹುಟ್ಟೇ ಇಲ್ಲ. ಹೆತ್ತವಳು ನಾನು, ನಾನು ಹೇಳ್ತಾ ಇದೀನಿ. ನಾನು ಆ ದೇಶ ನೋಡೇ ಇಲ್ಲ. ನಮ್ಮೆಜಮಾನ್ರು ಅಲ್ಲಿಗೆ ಹೋಗೇ ಇಲ್ಲ. ಅವರು..." ಅಂದವರು ಅಲ್ಲಿಗೇ ನಿಂತರು. ಮುಂದಿನ ಸುಳ್ಳು ಬಾಯಿಗೆ ಬರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಟೈ ಕಟ್ಟಿದವನು ಗಾಬರಿಯಾಗಿ ಬ್ಯಾಗು ತೆರೆದ. ನೀರು ಸೋಸುವ ಫಿಲ್ಟರು ಮಾರುವವನು. ಅಕ್ಕ ಹೆದರಿಕೆಗೆ ಒಂದು ಕೊಂಡಳು. ಭಾವ ಬಚ್ಚಲಿನಿಂದ ಬಂದವರು ನೇರ ಅಜ್ಜಿಯ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹೋಗಲಿಲ್ಲ.

ಆ ಸಂಜೆ ಸುತ್ತೋಲೆಯನ್ನೇ ಕರೆಸಿದೆವು. ಅವರು ಅಕ್ಕ ಕೊಟ್ಟ ಚಹಾ ಎರಡು ಸಲ ಕುಡಿದು, ತೀರ್ಪು ಕೊಡುವವರ ಹಾಗೆ ಕಣ್ಣು ಮುಚ್ಚಿಕೊಂಡು ಹೇಳಿದರು: "ದಾರಿ ಒಂದೇ. ಆ ಪೌರತ್ವ ಬಿಟ್ಟುಕೊಡಿ. ಪ್ರಜೆಯೇ ಅಲ್ಲ ಅಂದ್ಮೇಲೆ ತೆರಿಗೆ ಯಾರದು? ಬಿಡ್ಲಿಲ್ವೋ, ನೀವು ವಿಮಾನ ಇಳಿದ ತಕ್ಷಣ ಅಲ್ಲೇ ಹಿಡಿದು ಒಳಗೆ ಹಾಕ್ತಾರೆ. ನಿಮ್ಮ ನಂತರ ಬಾಕಿ ಮಗಳ ತಲೆಗೆ."

ಮಗಳ ಹೆಸರು ಬಂದದ್ದೇ ಅಕ್ಕ ಸೆಟೆದು ಕೂತಳು. "ಬರ್ಕೊಟ್ಟು ಬಂದ್ಬಿಡಿ ಅಂದ್ರೆ. ಯಾವ ದೇಶ ಬೇಕ್ರೀ ನಮಗೆ? ನಾವಿರೋದು ಎರಡು ಕೋಣೆ."

"ಅಮ್ಮನ್ನ ಕರ್ಕೊಂಡು ಹೋಗೋದು?" ಅಂದರು ಭಾವ.

"ವೀಸಾ ಮಾಡಿಸ್ಕೊಂಡು ಹೋದ್ರಾಯ್ತು. ಲೋಕಕ್ಕೆಲ್ಲ ಕೊಡ್ತಾರೆ, ನಿಮಗೆ ಕೊಡಲ್ವಾ?" ಸುತ್ತೋಲೆ ಎದ್ದು ನಿಂತು ಕೊನೆಯ ಎಚ್ಚರಿಕೆ ಕೊಟ್ಟರು. "ಒಂದು ನೆನಪಿರಲಿ. ಎಂಬಸಿಯಲ್ಲಿ ಯಾಕೆ ಬಿಡ್ತಾ ಇದೀರಿ ಅಂತ ಕೇಳಿದ್ರೆ, ತೆರಿಗೆ ಅನ್ನೋ ಮಾತು ಮಾತ್ರ ಬಾಯಿಂದ ಬರಕೂಡದು. ಬಂತೋ, ಅಲ್ಲೇ ಕೂರಿಸ್ಕೋತಾರೆ. ಖಾಸಗಿ ಕಾರಣ ಅನ್ನಿ. ಅಷ್ಟೇ."

ಭಾವ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಲಕೋಟೆಗೆ ಅಂಟು ಹಚ್ಚಿದವರ ಮಾತಿಗೆ ಎದುರಾಡುವಷ್ಟು ನಾನೇನು ಓದಿದ್ದೇನೆ?

ಪೌರತ್ವ ಬಿಡುವುದಕ್ಕೂ ಶುಲ್ಕ ಇದೆ ಅನ್ನುವುದು ಎಂಬಸಿಗೆ ಫೋನು ಮಾಡಿದಾಗ ಗೊತ್ತಾಯಿತು. ಅದನ್ನು ಕೇಳಿ ಭಾವ ಫೋನನ್ನು ಕಿವಿಯಿಂದ ತೆಗೆದು ಒಂದು ಸಲ ನೋಡಿ ಮತ್ತೆ ಕಿವಿಗೆ ಇಟ್ಟುಕೊಂಡರು. "ಬಿಡೋದಕ್ಕೂ ದುಡ್ಡಾ ಸಾರ್?" ಅಂದರು. ಹೌದಂತೆ. ಏಣಿ ಹಾಕಿಕೊಂಡು ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಕೆಳಗೆ ಏಣಿ ಹಿಡಿದು ನಿಂತವನು ನಾನೇ. ಡಬ್ಬಿಯನ್ನು ನನ್ನ ಕೈಗೆ ಕೊಡದೆ, ಎದೆಗವಚಿಕೊಂಡೇ ಇಳಿದರು.

ಎಂಬಸಿಗೆ ಅಜ್ಜಿಯೂ ಹೊರಟರು. ಬೇಡ ಅಂದರೆ ಕೇಳಲಿಲ್ಲ. "ಅಲ್ಲಿ ಹೆತ್ತೋಳು ನಾನು, ಬಿಡಿಸುವಾಗ್ಲೂ ಇರ್ತೀನಿ," ಅಂದರು. ಅಪರೂಪಕ್ಕೆ ತೆಗೆಯುವ ಸೀರೆ ಉಟ್ಟು, ತಲೆ ಬಾಚಿಕೊಂಡು, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಬಂದರು.

ತಣ್ಣಗಿನ ದೊಡ್ಡ ಹಾಲು. ಸಾಲಾಗಿ ಕುರ್ಚಿಗಳು, ಟೋಕನ್ನು, ಗಾಜಿನ ಹಿಂದೆ ಅಧಿಕಾರಿಗಳು. ಎದುರು ಗೋಡೆಯ ಮೇಲೆ ಆ ದೇಶದ ಬಂದರಿನ ದೊಡ್ಡ ಚಿತ್ರ: ನೀಲಿ ನೀರು, ಕೆಂಪು ಹೊಟ್ಟೆಯ ಒಂದು ಹಡಗು. ಅಜ್ಜಿ ಅದನ್ನೇ ನೋಡುತ್ತಾ ಕೂತರು. ತುಂಬಾ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಂದು, "ಯಾರೋ ಪುಣ್ಯಾತ್ಮ ಬಣ್ಣ ಚೆನ್ನಾಗಿ ಹೊಡೆದಿದಾನೆ," ಅಂದರು.

ನಮ್ಮ ಸರದಿ ಬಂತು. ಗಾಜಿನ ಹಿಂದಿನ ಹೆಂಗಸು ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು.

"ತಾವು ಸ್ವಇಚ್ಛೆಯಿಂದ ಪೌರತ್ವವನ್ನು ತ್ಯಜಿಸುತ್ತಿರುವಿರಾ?"

"ಹೌದು ಮೇಡಂ."

"ಕಾರಣವೇನು?"

"ಖಾಸಗಿ," ಅಂದರು.

"ನಮ್ಮ ದೇಶದಲ್ಲಿ ತಮ್ಮ ಬಂಧುಗಳು ಯಾರಾದರೂ ವಾಸವಾಗಿದ್ದಾರೆಯೇ?"

"ಅಪ್ಪ ಇದ್ದಾರೆ."

ಆಕೆ ಬರೆದುಕೊಂಡರು. "ತಂದೆಯವರ ಉದ್ಯೋಗ?"

"ಹಡಗಿಗೆ ಬಣ್ಣ ಹೊಡೀತಿದ್ರು."

"ಈಗ?"

"ಈಗ ಏನೂ ಇಲ್ಲ ಮೇಡಂ. ಮಲಗಿದಾರೆ."

ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: "ಸಹಿ ಮಾಡಿದ ಮೇಲೆ ಅಲ್ಲಿಗೆ ಪ್ರವೇಶಿಸುವ ಹಕ್ಕು ತಮಗೆ ಇರುವುದಿಲ್ಲ. ಮರಳಿ ಪಡೆಯಲೂ ಆಗದು. ಯೋಚಿಸಿದ್ದೀರಾ?"

ಭಾವ ತಿರುಗಿ ಅಜ್ಜಿಯನ್ನು ನೋಡಿದರು. ಕಾಲೇಜು ಮುಗಿಸುವ ಮಗಳ ಅಪ್ಪ, ತಲೆ ಅರ್ಧ ನೆರೆತ ಮನುಷ್ಯ, ತಿಂಡಿ ತಗೊಳ್ಳಲಾ ಅಂತ ಕೇಳುವ ಮಗುವಿನ ಹಾಗೆ ನೋಡಿದರು. ನನಗೆ ನೋಡಲಾಗಲಿಲ್ಲ.

"ಹಾಕು ಮಗಾ," ಅಂದರು ಅಜ್ಜಿ. "ಮೊಮ್ಮಗಳು ನೆಮ್ಮದಿಯಾಗಿರ್ಲಿ. ನಿಮ್ಮಪ್ಪ ಏನೂ ಅಂದ್ಕೊಳಲ್ಲ."

ಭಾವ ಬಲಗೈ ಎತ್ತಿ ಪ್ರಮಾಣ ಮಾಡಿದರು. ಸಹಿ ಹಾಕಿದರು. ಆಕೆ ಪಾಸ್‌ಪೋರ್ಟ್ ತೆಗೆದುಕೊಂಡು ಯಂತ್ರದಲ್ಲಿಟ್ಟು ಟಕ್ ಅಂತ ತೂತು ಮಾಡಿ ವಾಪಸು ಕೊಟ್ಟರು. ಇಷ್ಟು ವರ್ಷಕ್ಕೆ ಅದರ ಮೇಲೆ ಬಿದ್ದ ಗುರುತು ಅದೊಂದೇ.

ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಭಾವನ ಪ್ರಾಮಾಣಿಕತೆ ಇದೆಯಲ್ಲ, ಅದು ಯಾವಾಗಲೂ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬರುತ್ತದೆ. ಗಾಜಿನ ತೂತಿಗೆ ಬಾಯಿಟ್ಟು, "ಮೇಡಂ, ಒಂದು ಮಾತು. ಹಳೇ ತೆರಿಗೆ ಬಾಕಿ ಇದೆ. ಮೋಸ ಮಾಡೋ ಮನಸ್ಸಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ತೀನಿ, ಆಗುತ್ತಾ?" ಅಂದುಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಹಿಡಿದುಕೊಳ್ಳುತ್ತಾರೆ ಅಂದುಕೊಂಡೆ.

"ತಮ್ಮ ಉದ್ಯೋಗ ಏನು?" ಅಂದರು ಆಕೆ.

"ಫ್ಯಾನ್ ರಿಪೇರಿ."

"ಸ್ವಂತ ಕಾರ್ಖಾನೆಯೇ?"

"ಮಣೆ ಇದೆ ಮೇಡಂ. ಅದರ ಮೇಲೆ ಕೂತು ಮಾಡ್ತೀನಿ."

ಆಕೆ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಇಷ್ಟು ಕಡಿಮೆ ಆದಾಯಕ್ಕೆ ನಮ್ಮಲ್ಲಿ ತೆರಿಗೆಯೇ ಇಲ್ಲ. ತಾವು ಕಟ್ಟಬೇಕಾದದ್ದು ಏನೂ ಇರಲಿಲ್ಲ. ಲೆಕ್ಕ ಕೊಟ್ಟಿದ್ದರೆ ಸಾಕಾಗಿತ್ತು. ಈಗಲೂ ಅಷ್ಟೇ, ಹಿಂದಿನ ಲೆಕ್ಕ ಕೊಟ್ಟರೆ ಮುಗಿಯಿತು."

ಭಾವ ಗಾಜಿಗೆ ಕೈ ಒತ್ತಿ ನಿಂತರು. "ಏನೂ?"

"ಏನೂ. ತಾವು ಇದಕ್ಕಾಗಿಯೇ ಬಿಟ್ಟಿರಾ? ನಾನು ಕಾರಣ ಕೇಳಿದೆನಲ್ಲ..."

"ಖಾಸಗಿ ಅಂದೆ," ಅಂದರು ಭಾವ.

ವೀಸಾದ ವಿಚಾರ ನಾನೇ ಕೇಳಿದೆ. ಬ್ಯಾಂಕಿನಲ್ಲಿ ಇಷ್ಟಿರಬೇಕು, ಆಸ್ತಿ ಅಷ್ಟಿರಬೇಕು ಅಂತ ಆಕೆ ಹೇಳುತ್ತಾ ಹೋದರು. ಹೇಳುತ್ತಾ ಹೇಳುತ್ತಾ ಅವರ ದನಿಯೇ ಸಣ್ಣದಾಯಿತು. ಭಾವನಿಗೆ ಈ ಜನ್ಮದಲ್ಲಿ ಸಿಗುವಂಥದ್ದಲ್ಲ ಅನ್ನುವುದು ಅವರಿಗೂ ಗೊತ್ತಾಗಿತ್ತು. ಹೊರಡುವಾಗ ಅಜ್ಜಿ ಬಂದರಿನ ಚಿತ್ರದ ಹತ್ತಿರ ನಿಂತು, ಕಾವಲಿನವನು ನೋಡದಿದ್ದಾಗ ಹಡಗನ್ನು ಒಂದು ಸಲ ಮುಟ್ಟಿದರು.

ಸುದ್ದಿ ಕೇಳಿ ಸುತ್ತೋಲೆ, "ಕಾನೂನು ಇತ್ತೀಚೆಗೆ ಬದಲಾಗಿರಬೇಕು," ಅಂದರು. ಅಕ್ಕ ಅವರಿಗೆ ಚಹಾ ಕೊಡಲಿಲ್ಲ. ಫ್ಯಾನುಗಳು ಒಂದೊಂದಾಗಿ ಅಂಗಡಿಗೆ ವಾಪಸು ಬಂದವು. ಕಟಿಂಗ್ ಶಾಪಿನವನು ದುಡ್ಡು ಬೇಡ ಅಂತ ಭಾವನ ಗಡ್ಡ ಕೆರೆದು ಕಳಿಸಿದ. ಭಾವ ಎಲ್ಲರಿಗೂ ನಮಸ್ಕಾರ ಹೇಳಿದರು, ಎಲ್ಲರ ಮೋಟಾರೂ ಸುತ್ತಿಕೊಟ್ಟರು. ನಲ್ಲಿಯಲ್ಲಿ ನೀರು ಬರಲಿಲ್ಲ, ಸುಮ್ಮನಿದ್ದರು. ಬಸ್ಸು ಬರಲಿಲ್ಲ, ನಡೆದು ಹೋದರು. ಅಷ್ಟು ದಿನ ಯಾವ ಮಾತಿಗೆ ನಾವೆಲ್ಲ ಹಲ್ಲು ಕಡಿಯುತ್ತಿದ್ದೆವೋ, ಅದನ್ನು ಒಂದು ಸಲ ಅನ್ನಲಿ ದೇವರೇ ಅಂತ ನನಗೇ ಅನ್ನಿಸಲು ಶುರುವಾಯಿತು.

ಒಂದು ಸಂಜೆ ಎಲ್ಲರೂ ಅವರ ಮನೆಯಲ್ಲಿ ಕೂತಿದ್ದಾಗ ಕರೆಂಟು ಹೋಯಿತು. ಹಳೇ ಅಭ್ಯಾಸ, ಎಲ್ಲರೂ ಬಾಯಿ ಮುಚ್ಚಿಕೊಂಡು ಕಾದೆವು. ಭಾವ ಗಂಟಲು ಸರಿಮಾಡಿಕೊಳ್ಳಲಿಲ್ಲ. ಮೇಣದಬತ್ತಿ ಹುಡುಕಲು ಎದ್ದದ್ದು ಅವರ ಕಾಲಿನ ಸದ್ದಿನಿಂದ ಗೊತ್ತಾಯಿತು.

ಮೂಲೆಯಿಂದ ಅಜ್ಜಿಯ ದನಿ ಬಂತು.

"ನಮ್ಮಲ್ಲಿ ಕರೆಂಟು ಹೋಗ್ತಾನೇ ಇರ್ಲಿಲ್ಲ."

ಭಾವನ ಕಾಲಿನ ಸದ್ದು ನಿಂತಿತು.

"ಒಂದೇ ಕೋಣೆ. ಒಂದೇ ಬಲ್ಬು," ಅಂದರು ಅಜ್ಜಿ. ಆ ದೇಶದ ಬಗ್ಗೆ ಅವರ ಬಾಯಿಂದ ನಾವು ಒಂದು ಮಾತೂ ಕೇಳಿದವರಲ್ಲ. "ನಿಮ್ಮಪ್ಪ ಕೆಲಸದಿಂದ ಬಂದು ಅದರ ಕೆಳಗೆ ಕೂತ್ಕೊಂಡು ಉಗುರಿನ ಬಣ್ಣ ಕೆರೀತಿದ್ರು. ಕೆಂಪು ಬಣ್ಣ. ಎಷ್ಟು ಕೆರೆದ್ರೂ ಹೋಗ್ತಿರ್ಲಿಲ್ಲ. ನೀನು ಅವರ ಬೆರಳು ಹಿಡ್ಕೊಂಡು ನಿಂತ್ಕೊಳ್ಳೋಕೆ ನೋಡ್ತಿದ್ದೆ. ಬೀಳ್ತಿದ್ದೆ, ಮತ್ತೆ ಏಳ್ತಿದ್ದೆ."

"ಆಮೇಲೆ?" ಅಂದರು ಭಾವ.

ಅಷ್ಟರಲ್ಲಿ ಕರೆಂಟು ಬಂತು. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು, ಸೆರಗು ಎಳೆದುಕೊಂಡು ಸುಮ್ಮನಾದರು.

ಅಕ್ಕ ಎದ್ದು ಹೋಗಿ ಲೈಟು ಆರಿಸಿದಳು.